ಮೇಣದ ತೂಕ

ಇದನ್ನೊಂದು ಕಥೆಯೆಂದು ಹೇಳಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಧೂಳು ಎಳೆಯುವ ಒಂದು ಯಂತ್ರ, ಅದರ ಸದ್ದು, ಆ ಸದ್ದನ್ನು ತಗ್ಗಿಸಲು ಒಬ್ಬ ಪಟ್ಟ ಪಾಡು, ಇಷ್ಟೇ ಇದರಲ್ಲಿರುವುದು. ಯಾರೂ ಸಾಯಲಿಲ್ಲ, ಯಾರೂ ಊರು ಬಿಡಲಿಲ್ಲ. ಬೇರೆಯವರ ಮನೆಯ ಗಂಡಹೆಂಡಿರ ಮಾತನ್ನು ಹೀಗೆ ಎತ್ತಿ ಆಡುವುದು ಸರಿಯೇ ಎಂಬ ಅಳುಕೂ ಇದೆ. ಆದರೂ ಪಟ್ಟಾಭಿರಾಮನ ಆ ಭಾನುವಾರವನ್ನು ಹೇಳದೆ ಸುಮ್ಮನಿರಲಾಗುತ್ತಿಲ್ಲ. ಹೇಳುವುದರಲ್ಲಿ ತಪ್ಪಿದ್ದರೆ ಓದುವವರು ದೊಡ್ಡ ಮನಸ್ಸು ಮಾಡಬೇಕು.

ಸಾವಿರದ ಒಂಬೈನೂರ ಎಂಬತ್ತಮೂರರ ಬೇಸಿಗೆ. ಪಟ್ಟಾಭಿರಾಮ ಎದ್ದವನು ಮುಖ ಕೂಡ ತೊಳೆಯದೆ ಹಿತ್ತಲ ಶೆಡ್ಡಿಗೆ ಹೋಗಿ, ಯಂತ್ರದ ಬಾಯಿಗೆ ಬಿಗಿದಿದ್ದ ಜಾಲರಿ ಬಿಚ್ಚಿ, ಒಳಗೆ ಕೈಯಿಟ್ಟು ಫ್ಯಾನನ್ನು ಮೆಲ್ಲಗೆ ತಿರುಗಿಸಿದ. ತಗಡಿನ ರೆಕ್ಕೆಗಳು ಒಂದೊಂದಾಗಿ ಬೆರಳಿಗೆ ತಾಗಿ ಹೋದವು. ಸೀಮೆಸುಣ್ಣದ ಗುರುತಿದ್ದ ರೆಕ್ಕೆ ಬಂದಾಗ ಕೈ ನಿಲ್ಲಿಸಿ, ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ಹಿಂದಿನ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಯಂತ್ರದ ನಡುಕ ನಿಲ್ಲಲೆಂದು ಒತ್ತಿ ಒತ್ತಿ ಅಂಟಿಸಿದ್ದ ಮೇಣ ಅಲ್ಲಿರಲಿಲ್ಲ. ಒಂದು ಜಿಡ್ಡಿನ ಪಸೆ ಮಾತ್ರ ಉಳಿದಿತ್ತು. ಸಂಜೆ ಯಂತ್ರ ಹಾಕಿದ್ದಾಗ ನಡುಕ ಕಂಡಿತ್ತು, ಕತ್ತಲಲ್ಲಿ ಬಿಚ್ಚಿ ನೋಡಲಾಗಿರಲಿಲ್ಲ. ಇದು ಮೂರನೆಯ ಸಲ. ಮೊದಲನೆಯ ಸಲ ತನ್ನ ಕೈಗುಣವನ್ನೇ ಬೈದುಕೊಂಡಿದ್ದ, ಎರಡನೆಯ ಸಲ ಇಲಿಯನ್ನು ಬೈದಿದ್ದ. ಈಗ ಬೈಯಲು ಯಾರೂ ಉಳಿಯದೆ, ಬಗ್ಗಿದ್ದ ಬೆನ್ನನ್ನು ನೇರ ಮಾಡಿ ಬಾಗಿಲ ಕಡೆ ನೋಡಿದ. ಶೆಡ್ಡಿನ ಬಾಗಿಲಿಗೆ ಬೀಗವಿರಲಿಲ್ಲ, ಚಿಲಕವಿತ್ತು. ಚಿಲಕವನ್ನು ಯಾರು ಬೇಕಾದರೂ ತೆಗೆಯಬಹುದು ಎಂಬುದು ಆ ಮನೆಗೆ ಬಂದಂದಿನಿಂದ ಗೊತ್ತಿದ್ದ ವಿಷಯವೇ. ಆದರೆ ಆ ಹೊತ್ತು ಮಾತ್ರ ಅದನ್ನು ಯಾರೋ ಈಗಷ್ಟೇ ತೆಗೆದು ಹೋದ ಹಾಗೆ ಕಂಡಿತು.

ಗೋಡೆಯ ಆಚೆ ನಾಗಲಕ್ಷ್ಮಮ್ಮ ಹಸುವಿನ ಜೊತೆ ಮಾತಾಡುತ್ತಿದ್ದಳು. ಅವಳು ಮನೆಯ ಒಡತಿ. ಅವಳ ಗಂಡ ಹನುಮಂತರಾಯಪ್ಪ ಲಗ್ಗೆರೆಯ ಹಳಬ, ಹೊಲದ ಒಂದು ಅಂಚಿನಲ್ಲಿ ಶೀಟಿನ ಮನೆಗಳನ್ನು ಸಾಲಾಗಿ ಕಟ್ಟಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರಿಗೆ ಬಾಡಿಗೆಗೆ ಕೊಟ್ಟಿದ್ದ. ಸಾಲಿನ ಕೊನೆಯದು ಪಟ್ಟಾಭಿಯ ಮನೆ. ಅದರ ಹಿಂದೆ ಹಿಂದೊಮ್ಮೆ ಹುಲ್ಲು ತುಂಬುತ್ತಿದ್ದ ಶೆಡ್ಡು. ಶೆಡ್ಡಿಗೂ ಒಡೆಯರ ಕೊಟ್ಟಿಗೆಗೂ ಒಂದೇ ಗೋಡೆ. ಹಸು ಸೀಮೆಹಸು. ನಾಗಲಕ್ಷ್ಮಮ್ಮ ಅದರ ಜೊತೆ ಆಡುವ ಮಾತು ಗಂಡನ ಜೊತೆ ಆಡುವುದಕ್ಕಿಂತ ಹೆಚ್ಚು ಎಂದು ಸಾಲಿನವರು ನಗುತ್ತಿದ್ದರು. ಆ ಬೆಳಿಗ್ಗೆ ಅವಳು ಏನು ಹೇಳುತ್ತಿದ್ದಾಳೆಂದು ಪಟ್ಟಾಭಿಗೆ ಸ್ಪಷ್ಟವಾಗಲಿಲ್ಲ. ನಡುವೆ ಒಮ್ಮೆ ನಕ್ಕದ್ದು ಮಾತ್ರ ಕೇಳಿತು. ಹಸುವಿನ ಹತ್ತಿರ ನಗುವಂಥದ್ದು ಏನಿರುತ್ತದೆ ಎಂದುಕೊಂಡ. ಮೇಣ ಮಾಯವಾದ ಬೆಳಿಗ್ಗೆಯೇ ಏಕೆ ನಗಬೇಕು?

ಪಟ್ಟಾಭಿ ಸರ್ಕಾರಿ ಕಾರ್ಖಾನೆಯೊಂದರ ಎರಕದ ವಿಭಾಗಕ್ಕೆ ಮರದ ಅಚ್ಚು ಮಾಡುವವನು. ಕಬ್ಬಿಣದಲ್ಲಿ ಏನು ಬೇಕೋ ಅದನ್ನು ಮೊದಲು ಮರದಲ್ಲಿ ಮಾಡಬೇಕು. ಆ ಮರವನ್ನು ಮರಳಲ್ಲಿ ಒತ್ತಿ ತೆಗೆದರೆ ಉಳಿಯುವ ಕುಳಿಗೆ ಎರಕ ಹೊಯ್ಯುತ್ತಾರೆ. ಈ ಕೆಲಸದಲ್ಲಿ ಮೇಣಕ್ಕೆ ಒಂದು ದೊಡ್ಡ ಜಾಗವಿದೆ. ಮರದ ಎರಡು ತುಂಡು ಕೂಡುವ ಮೂಲೆ ಚೂಪಾಗಿದ್ದರೆ ಅಲ್ಲಿಗೆ ಮೇಣ ತುಂಬಿ ಬೆರಳಲ್ಲಿ ಸವರಿ ಗುಂಡಗೆ ಮಾಡುತ್ತಾರೆ. ಉಳಿ ಜಾರಿದ ಕಡೆ ಮೇಣ, ಗಂಟು ಉದುರಿದ ಕಡೆ ಮೇಣ. ಅದು ತಾತ್ಕಾಲಿಕದ ತೇಪೆಯಲ್ಲ. ಮೇಣ ತುಂಬಿದ ಮೇಲೆ ಅಚ್ಚು ಮುಗಿಯಿತು, ಬಣ್ಣ ಹೊಡೆದರೆ ಮರಳಿಗೆ ಮರ ಯಾವುದು ಮೇಣ ಯಾವುದು ತಿಳಿಯುವುದಿಲ್ಲ. ಇಷ್ಟು ವರ್ಷ ಆ ಕೆಲಸ ಮಾಡಿ, ಕೊರತೆ ಕಂಡಲ್ಲೆಲ್ಲ ಬೆರಳು ತಾನಾಗಿ ಮೇಣದ ಕಡೆ ಹೋಗುತ್ತಿತ್ತು. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿಕೊಂಡರೂ ಬೆರಳಿನ ಈ ಅಭ್ಯಾಸ ಹೋಗಿರಲಿಲ್ಲ. ಡಿಪ್ಲೊಮಾ ತನಗೆ ನಿಜವಾಗಿ ದಕ್ಕಿದೆಯೇ ಎಂಬುದರಲ್ಲೂ ಅವನಿಗೆ ಅನುಮಾನವಿತ್ತು. ಪಾಳಿ ಮುಗಿಸಿ ಹೋಗಿ ಕೂತ ಆ ತರಗತಿಗಳಲ್ಲಿ ಅರ್ಧ ಅವನು ತೂಕಡಿಸಿದ್ದ. ಕಂಪನದ ಪಾಠ ನಡೆದದ್ದು ಎಚ್ಚರದ ಅರ್ಧದಲ್ಲೋ ನಿದ್ದೆಯ ಅರ್ಧದಲ್ಲೋ ಈಗ ನೆನಪಿಗೆ ಬರುತ್ತಿರಲಿಲ್ಲ.

ರಜಾದಿನಗಳಲ್ಲಿ ಮನೆಯಲ್ಲೇ ಪೀಣ್ಯದ ಸಣ್ಣ ಎರಕದ ಮನೆಗಳಿಗೆ ಅಚ್ಚು ಮಾಡಿಕೊಡತೊಡಗಿದ ಮೇಲೆ ಧೂಳು ಶುರುವಾಯಿತು. ಮರಳುಕಾಗದ ಹಾಕಿ ತಿಕ್ಕುವಾಗ ಏಳುವ ಧೂಳು ಹಿಟ್ಟಿಗಿಂತ ನಯ. ಹಿತ್ತಲು ದಾಟಿ ಅಡಿಗೆಮನೆಗೆ ಬಂದು, ಸಾರಿನ ಪಾತ್ರೆಯ ಮುಚ್ಚಳದ ಮೇಲೆ, ದೇವರ ಪಟಗಳ ಗಾಜಿನ ಮೇಲೆ, ಹೆಂಡತಿ ಪಂಕಜಳ ಎದೆಯಲ್ಲಿ ಕೂತಿತು. ಮಾಗಿಯ ಒಂದು ಮುಂಜಾನೆ ಅವಳು ಹಾಸಿಗೆಯಲ್ಲಿ ಎದ್ದು ಕೂತು ಎರಡು ಕೈಗಳನ್ನೂ ಮಂಡಿಗೆ ಕೊಟ್ಟು, ಉಸಿರನ್ನು ಎಲ್ಲಿಂದಲೋ ಕಿತ್ತು ತರುವವಳ ಹಾಗೆ ಎಳೆಯುತ್ತಿದ್ದಳು. ಎದ್ದ ಪಟ್ಟಾಭಿ ನೀರು ತಂದುಕೊಟ್ಟ, ಬೆನ್ನು ಸವರಿದ, ಕೊನೆಗೆ ಏನೂ ತೋಚದೆ ಇನ್ನು ನಿನಗೆ ಧೂಳು ತಾಗದ ಹಾಗೆ ಮಾಡುತ್ತೇನೆ ಎಂದ. ಆ ಮಾತಿನ ಮೇಲೆ ಅವನು ಗುಜರಿಯಿಂದ ಗಾಳಿ ಎಳೆಯುವ ಹಳೆಯ ಬ್ಲೋಯರ್ ತಂದ, ತಗಡಿನ ಕೊಳವೆ ಕೂಡಿಸಿದ, ಕೋರಾ ಬಟ್ಟೆಯ ಉದ್ದನೆಯ ಚೀಲ ಹೊಲಿಸಿದ. ಗುಂಡಿ ಒತ್ತಿದರೆ ಚೀಲ ಬಸುರಿಯ ಹೊಟ್ಟೆಯಂತೆ ಉಬ್ಬಿಕೊಂಡು, ಕೆಲಸದ ಮೇಜಿನ ಧೂಳೆಲ್ಲ ಕೊಳವೆಯೊಳಗೆ ಹೋಗುತ್ತಿತ್ತು. ಅದರ ಕೂಗಿಗೆ ಪಕ್ಕದಲ್ಲಿ ನಿಂತವರ ಮಾತು ಕೇಳುತ್ತಿರಲಿಲ್ಲ. ಮೊದಲ ವಾರ ಆ ಕೂಗೇ ಅವನಿಗೆ ಹೆಮ್ಮೆ. ಅಷ್ಟು ಕೂಗುವುದು ಅಷ್ಟು ಕೆಲಸ ಮಾಡುತ್ತಿರಲೇಬೇಕು.

ಆಮೇಲೆ ನಾಗಲಕ್ಷ್ಮಮ್ಮ ಬಂದು, ಹೊಸಿಲ ಆಚೆಯೇ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: “ಅಯ್ನೋರೆ, ಅಸ ಸೊರ ಬುಡ್ತಿಲ್ಲ, ಆಲು ಸರ್ಯಾಗಿ ಕೊಡ್ತಿಲ್ಲ. ನಿಮ್ ಮಿಸಿನ್ನು ಕೂಗಾಕ್ ಸುರು ಮಾಡುದ್ರೆ ಅದು ಕಾಲು ಝಾಡಿಸ್ತದೆ. ಗ್ವಾಡೆ ಮುಟ್ಟಿ ನೋಡಿ, ಜುಮ್ ಅಂತದೆ.” ಪಟ್ಟಾಭಿ ಹೋಗಿ ಮುಟ್ಟಿದ. ಸಗಣಿ ಸಾರಿಸಿದ ಗೋಡೆ ಅಂಗೈಯಲ್ಲಿ ನೊಣ ಹಿಡಿದ ಹಾಗೆ ಗುಂಯ್‌ಗುಟ್ಟುತ್ತಿತ್ತು. ಜಾಗ ಉಳಿಯಲೆಂದು ಅವನು ಯಂತ್ರವನ್ನು ಕಬ್ಬಿಣದ ಕೊಕ್ಕೆ ಹಾಕಿ ಗೋಡೆಗೇ ಕೂರಿಸಿದ್ದ. ಹಸು ತಿರುಗಿ ಅವನನ್ನು ನೋಡಿತು. ಅದರ ಮುಂದೆ ಕೂಡ ತಾನು ಸಿಕ್ಕಿಬಿದ್ದ ಹಾಗಾಯಿತು. ಅಂದಿನಿಂದ ಅವನ ರಜೆಗಳು ಅಚ್ಚಿಗೆ ಹೋಗದೆ ಸದ್ದಿಗೆ ಹೋದವು. ಯಂತ್ರವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಮರಳು ಹರಡಿ ಕಲ್ಲುಚಪ್ಪಡಿ ಹಾಕಿ ಅದರ ಮೇಲಿಟ್ಟ. ಚಪ್ಪಡಿಗೂ ಯಂತ್ರಕ್ಕೂ ನಡುವೆ ಹಳೆಯ ಬೆಲ್ಟಿನ ರಬ್ಬರ್ ಕೊಯ್ದು ಮೆತ್ತೆ ಕೊಟ್ಟ. ಗೋಡೆಗೆ ತಾಗಿ ಹಾಯುವ ಕೊಳವೆಯನ್ನು ಕತ್ತರಿಸಿ ನಡುವೆ ಕ್ಯಾನ್ವಾಸಿನ ತೋಳು ಹೊಲಿಸಿ ಹಾಕಿದ, ಒಂದು ಕಡೆಯ ನಡುಕ ಇನ್ನೊಂದು ಕಡೆಗೆ ಹೋಗದಿರಲೆಂದು. ಕೂಗು ಅರ್ಧ ಇಳಿಯಿತು, ನಡುಕ ಮಾತ್ರ ಉಳಿಯಿತು. ಆಫ್ ಮಾಡಿದರೆ ಫ್ಯಾನು ನಿಧಾನವಾಗುತ್ತ ಬಂದು, ನಿಲ್ಲುವ ಮುಂಚೆ ಒಮ್ಮೆ ಇಡೀ ಯಂತ್ರ ಮೈ ಕೊಡವುತ್ತಿತ್ತು. ಆಗ ಗೋಡೆಯ ಆಚೆ ನಾಗಲಕ್ಷ್ಮಮ್ಮ ಬೇಕೆಂದೇ ಗಟ್ಟಿಯಾಗಿ ಕೆಮ್ಮುತ್ತಿದ್ದಳು.

ಭಾರ ಒಂದು ಪಕ್ಕಕ್ಕೆ ಹೆಚ್ಚಾಗಿದ್ದರೆ ತಿರುಗುವ ವಸ್ತು ನಡುಗುತ್ತದೆ ಎಂಬಷ್ಟು ಪಾಠ ಎಚ್ಚರದ ಅರ್ಧದಲ್ಲಿ ಸಿಕ್ಕಿತ್ತು. ಫ್ಯಾನನ್ನು ಬಿಚ್ಚಿ ಅದರ ಸರಳನ್ನು ಎರಡು ಕಬ್ಬಿಣದ ಪಟ್ಟಿಗಳ ಅಂಚಿನ ಮೇಲಿಟ್ಟ. ಭಾರದ ಪಕ್ಕ ತಾನಾಗಿ ಉರುಳಿ ಕೆಳಗೆ ಬಂತು. ಅದರ ಎದುರಿನ ರೆಕ್ಕೆಗೆ ಸೀಮೆಸುಣ್ಣದ ಗುರುತು ಹಾಕಿ ಒಂದಿಷ್ಟು ಮೇಣ ಒತ್ತಿದ. ಮತ್ತೆ ಉರುಳಿತು, ಇನ್ನಷ್ಟು ಒತ್ತಿದ. ಕೊನೆಗೆ ಹೇಗೆ ತಿರುಗಿಸಿ ಬಿಟ್ಟರೂ ಫ್ಯಾನು ಬಿಟ್ಟಲ್ಲೇ ನಿಂತಿತು. ಜೋಡಿಸಿ ಗುಂಡಿ ಒತ್ತಿ, ಯಂತ್ರದ ತಲೆಯ ಮೇಲೆ ನೀರಿನ ಲೋಟವಿಟ್ಟ. ನೀರು ಕನ್ನಡಿಯಂತೆ ನಿಂತಿತ್ತು. ಅವನು ಪಂಕಜಳನ್ನು ಕರೆದು ತೋರಿಸಿದ. ಅವಳು ಲೋಟ ನೋಡಿ, ಚೆನ್ನಾಗಿದೆ ಎಂದು ಹೇಳಿ, ಸ್ವಲ್ಪ ಹೊತ್ತು ಏನೋ ಕೇಳಿಸಿಕೊಳ್ಳುವವಳ ಹಾಗೆ ನಿಂತು ಒಳಗೆ ಹೋದಳು. ಮರುದಿನ ಸಂಜೆಗೆ ನಡುಕ ತಿರುಗಿ ಬಂದಿತ್ತು, ಮೇಣ ಇರಲಿಲ್ಲ.

ಹಿಂದಿನ ವಾರ ಹನುಮಂತರಾಯಪ್ಪ ಬೀಡಿ ಹಚ್ಚಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು, ಮಳೆ ಬೆಳೆ ಎಲ್ಲ ಮಾತಾಡಿ, ಏಳುವಾಗ ಹೇಳಿದ್ದ: “ಬಾನ್ವಾರ ಉಂಡ್ಕಂಡು ಬತ್ತೀನಿ. ಗ್ವಾಡೆ ಮ್ಯಾಲೆ ಕೈ ಮಡಗ್ತೀನಿ. ಜುಮ್ ಅಂದ್ರೆ ಮಿಸಿನ್ ಎತ್ಬುಡಿ ಸಾಮಿ, ಬ್ಯಾಸರ ಮಾಡ್ಕಾಬ್ಯಾಡಿ.” ಅದೇ ಈ ಭಾನುವಾರ. ಯಂತ್ರ ಎತ್ತುವುದೆಂದರೆ ಧೂಳನ್ನು ಮತ್ತೆ ಪಂಕಜಳ ಎದೆಗೆ ಕಳಿಸುವುದು. ಅಚ್ಚು ಮಾಡುವುದನ್ನೇ ಬಿಡಬಹುದಿತ್ತು, ಬಿಡಲು ಮನಸ್ಸಿರಲಿಲ್ಲ. ಕಾರ್ಖಾನೆಯಲ್ಲಿ ಅವನು ನಕ್ಷೆ ಹೇಳಿದ್ದನ್ನು ಮಾಡುವವನು. ಶೆಡ್ಡಿನಲ್ಲಿ ಮಾತ್ರ ಎರಕದ ಮನೆಯವರು ಬಂದು, ಇದು ಹೇಗೆ ಮಾಡಿದರೆ ಸರಿ ಹೇಳಿ ಸಾರ್ ಎಂದು ಅವನನ್ನು ಕೇಳುತ್ತಿದ್ದರು. ಆ ಒಂದು ‘ಸಾರ್’ಗಾಗಿ ಹೆಂಡತಿಯ ಉಸಿರನ್ನು ಪಣಕ್ಕಿಟ್ಟಿದ್ದೇನೆಯೇ ಎಂಬ ಯೋಚನೆ ಬಂದಾಗಲೆಲ್ಲ ಅವನು ಇನ್ನೊಂದು ರಬ್ಬರ್ ಮೆತ್ತೆ ಕೊಯ್ಯುತ್ತಿದ್ದ.

ಹಾಲಿನ ಚೊಂಬು ಹಿಡಿದು ಕೊಟ್ಟಿಗೆಗೆ ಹೋದ. ಸಾಮಾನ್ಯವಾಗಿ ಪಂಕಜ ಹೋಗುತ್ತಿದ್ದಳು. ಇವತ್ತು ತಾನೇ ಹೋಗುತ್ತೇನೆಂದಾಗ ಅವಳು ಒಂದು ಕ್ಷಣ ನೋಡಿ ಚೊಂಬು ಕೊಟ್ಟಿದ್ದಳು. ಶೆಡ್ಡಿನ ಅಟ್ಟದ ಮೇಲೆ ಈಗಲೂ ಒಂದಷ್ಟು ಹುಲ್ಲಿತ್ತು. ಅದನ್ನು ಎಳೆದುಕೊಳ್ಳಲು ನಾಗಲಕ್ಷ್ಮಮ್ಮ ಹೇಳದೆ ಕೇಳದೆ ಬರುತ್ತಿದ್ದಳು. ಅವಳಿಗೆ ಯಂತ್ರ ಹೋಗುವುದು ಬೇಕು. ಜಾಲರಿಗೆ ಇರುವುದು ಎರಡೇ ತಿರುಪು, ಕೈಯಲ್ಲೇ ಬಿಚ್ಚಬಹುದು. ಮೇಣ ಕಿತ್ತವರ ಉಗುರಿನ ಸಂದಿಯಲ್ಲಿ ಅದು ಉಳಿದೇ ಉಳಿಯುತ್ತದೆ, ಕಾರ್ಖಾನೆಯಲ್ಲಿ ತನ್ನ ಉಗುರಿನಲ್ಲಿ ಉಳಿಯುವ ಹಾಗೆ. ಅವಳು ಹಾಲು ಅಳೆದು ಹೊಯ್ಯುವಾಗ ಅವನು ಅವಳ ಕೈಗಳನ್ನೇ ನೋಡುತ್ತ ನಿಂತ. ಬೆರಳ ತುದಿಗಳಲ್ಲಿ ಬೆಣ್ಣೆಯ ಪಸೆ, ಉಗುರಲ್ಲಿ ಸಗಣಿ. ಇನ್ನೂ ಸರಿಯಾಗಿ ಕಾಣಲೆಂದು ತಲೆ ಬಗ್ಗಿಸಿದ. ಅವಳು ಥಟ್ಟನೆ ಅಳತೆಯ ಪಾವು ಕೆಳಗಿಟ್ಟು, ಸೆರಗನ್ನು ಎಳೆದು ಎದೆಯ ಮೇಲೆ ಹೊದ್ದುಕೊಂಡಳು. ಚೊಂಬನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ನಾಳೆಯಿಂದ ಅಮ್ಮೋರನ್ನೇ ಕಳಿಸಿ ಎಂದಳು. ತಾನು ನೋಡಿದ್ದು ಉಗುರನ್ನು ಎಂದು ಹೇಳಲು ಬಾಯಿ ತೆರೆದ ಪಟ್ಟಾಭಿ, ಅದು ಇನ್ನೂ ಅಸಹ್ಯವಾಗಿ ಕೇಳುತ್ತದೆಂದು ಹೊಳೆದು ಬಾಯಿ ಮುಚ್ಚಿಕೊಂಡ. ಹಾಲು ತುಳುಕಿಸಿಕೊಂಡು ಮನೆಯವರೆಗೆ ಬಂದ. ಇವಳು ಇದನ್ನು ಗಂಡನಿಗೆ ಹೇಳುತ್ತಾಳೆ. ಹೇಳಿದರೆ ಗೋಡೆ ಮುಟ್ಟಿ ನೋಡುವ ಅಗತ್ಯವೂ ಬೀಳುವುದಿಲ್ಲ.

ಅವಳಲ್ಲದಿದ್ದರೆ ಪುಟ್ಟಣ್ಣ. ಪುಟ್ಟಣ್ಣ ಕಾರ್ಖಾನೆಯಲ್ಲಿ ಪಕ್ಕದ ಬೆಂಚಿನವನು, ಎರಡು ದಿನದ ಹಿಂದೆ ಯಂತ್ರ ನೋಡಬೇಕೆಂದು ಬಂದು, ಫ್ಯಾನಿನೊಳಗೆ ಬಗ್ಗಿ ನೋಡಿ, “ಏನ್ ಗುರು, ಈ ಮೇಣ ಎಲ್ಲೋ ನೋಡ್ದಂಗಿದೆಯಲ್ಲ” ಎಂದು ಕಣ್ಣು ಮಿಟುಕಿಸಿದ್ದ. ತಮಾಷೆಗೆ ಅಂದದ್ದೇ ಇರಬೇಕು. ಆದರೆ ಮೇಣ ಕಾರ್ಖಾನೆಯದೇ. ಊಟದ ಡಬ್ಬಿಯ ಮೇಲಿನ ಮುಚ್ಚಳಕ್ಕೆ ಒಳಗಿಂದ ಮೆತ್ತಿ, ಗೇಟಿನಲ್ಲಿ ಡಬ್ಬಿ ತೆರೆದು ತೋರಿಸುವಾಗ ಮುಚ್ಚಳವನ್ನು ಕವುಚಿ ಹಿಡಿದು ತಂದದ್ದು. ಒಂದು ನಿಂಬೆಹಣ್ಣಿನಷ್ಟು. ಎಲ್ಲರೂ ಏನೇನೋ ಒಯ್ಯುತ್ತಾರೆ, ಆದರೆ ಪಟ್ಟಾಭಿ ಅದುವರೆಗೆ ಒಂದು ಮೊಳೆ ಒಯ್ದವನಲ್ಲ. ಅಂದು ಗೇಟು ದಾಟಿ ಬಸ್ಸು ಹತ್ತುವವರೆಗೆ ಅವನ ಬೆನ್ನಿನ ಮೇಲೆ ಯಾರದೋ ಕಣ್ಣು ಕೂತೇ ಇತ್ತು. ಸೂಪರ್‌ವೈಸರಿಗೆ ತೋರಿಸಲೆಂದು ಪುಟ್ಟಣ್ಣ ಒಂದು ಚೂರು ಕಿತ್ತುಕೊಂಡು ಹೋಗಿದ್ದರೆ? ಆದರೆ ಪುಟ್ಟಣ್ಣ ಬಂದು ಹೋದ ಮೇಲೆ ಹೊಸದಾಗಿ ಅಂಟಿಸಿದ್ದೂ ಹೋಗಿದೆಯಲ್ಲ. ಲೆಕ್ಕ ಕೂಡದಿದ್ದರೂ ಅನುಮಾನ ಬಿಡಲಿಲ್ಲ. ಅವನ ಅನುಮಾನಕ್ಕೆ ಲೆಕ್ಕ ಕೂಡಬೇಕೆಂಬ ಹಟವೇನೂ ಇರಲಿಲ್ಲ.

ಕಾಫಿ ಕುಡಿಯಲು ಅಡಿಗೆಮನೆಗೆ ಹೋದಾಗ ಪಂಕಜ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ಹಿಮ್ಮಡಿಗೆ ಏನೋ ತಿಕ್ಕಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಅವಳ ಹಿಮ್ಮಡಿ ಒಡೆಯುತ್ತದೆ. ಬಿರುಕುಗಳ ಮೇಲೆ ಬಿಸಿಲು ಬಿದ್ದು ಒಂದು ಹೊಳಪು ಕಂಡಿತು. ಅವನು ಲೋಟ ಹಿಡಿದು ಅಲ್ಲೇ ನಿಂತ. ಆ ಹೊಳಪು ಎಣ್ಣೆಯದಲ್ಲ. ಅವಳ ಬೆರಳಲ್ಲಿ ಕಂದುಬಣ್ಣದ ಚಿಕ್ಕ ಚೂರೊಂದಿತ್ತು, ಅದರ ವಾಸನೆಯನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಹಿಂದಿನ ದಿನ ಅವನು ಪಾಳಿಯಿಂದ ಬಂದಾಗ ಇವಳು ಶೆಡ್ಡಿನ ಕಡೆಯಿಂದಲೇ ಬಂದಳಲ್ಲ, ಕೈಯಲ್ಲಿ ಒಣಗಿದ ಬಟ್ಟೆ ಇತ್ತು, ಆದರೆ ಬಟ್ಟೆಯ ಕೆಳಗೆ ಏನಿತ್ತೋ. ನೀರಿನ ಲೋಟ ತೋರಿಸಿದ ದಿನ ಇವಳ ಮುಖದಲ್ಲಿ ಸಂತೋಷವಿರಲಿಲ್ಲ. ಯಾರಿಗಾಗಿ ಮಾಡುತ್ತಿದ್ದೇನೋ ಅವಳೇ. ಈ ಯೋಚನೆ ಪೂರ್ತಿಯಾಗುವ ಮೊದಲೇ ಅವನ ಬಾಯಿ ಮಾತಾಡಿತ್ತು, ಆ ಮೇಣ ಎಲ್ಲಿಯದು ಎಂದು.

“ನಿಮ್ಮ ಡಬ್ಬೀದು,” ಎಂದಳು ತಲೆ ಎತ್ತದೆ. “ತೊಳೆಯೋವಾಗ ಮುಚ್ಚಳಕ್ಕೆ ಮೆತ್ಕೊಂಡಿತ್ತು. ಬಿಸಾಕೋದ್ಯಾಕೆ ಅಂತ ಇಟ್ಕೊಂಡೆ.”

ಅವಳಿಗೆ ಡಬ್ಬಿಯ ವಿಷಯ ಗೊತ್ತಿತ್ತು, ಇಷ್ಟು ದಿನ ಹೇಳಿರಲಿಲ್ಲ. ಸಿಕ್ಕಿಬಿದ್ದವನ ನಾಚಿಕೆ ಕೋಪವಾಗಿ ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಫ್ಯಾನಿಂದ ತೆಗೆದಿದ್ದಲ್ಲ ತಾನೆ?” ಎಂದ.

ಆಗ ಅವಳು ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬರುತ್ತದೆಂದು ಮೊದಲೇ ತಿಳಿದವಳ ಹಾಗಿದ್ದಳು.

“ನಾನೇ ತೆಗೆದೆ ಅಂತಿಟ್ಕೊಳ್ಳಿ.”

“ಇಟ್ಕೊಳ್ಳೋ ಮಾತಲ್ಲ ಪಂಕಜಾ. ತೆಗೆದ್ಯೋ ಇಲ್ವೋ?”

“ಇಲ್ಲ ಅಂದ್ರೆ ನಂಬ್ತೀರಾ?”

ನಂಬುತ್ತೇನೆ ಎನ್ನುವ ಮೊದಲು ಅವನ ಕಣ್ಣು ಅವಳ ಉಗುರುಗಳ ಕಡೆ ಹೋಯಿತು. ಅವಳು ಮೇಣದ ಚೂರನ್ನು ಕಿಟಕಿಯ ದಂಡೆಯ ಮೇಲಿಟ್ಟು, ಕೈ ಒರೆಸಿಕೊಂಡು ಎದ್ದು ಅಕ್ಕಿ ತೊಳೆಯಲು ಹೋದಳು. ಕೆಮ್ಮು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು ನುಂಗಿಕೊಂಡಳು.

ಶೆಡ್ಡಿಗೆ ಹಿಂದಿರುಗಿದವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹನುಮಂತರಾಯಪ್ಪ ಬಂದು ಹೋಗುವವರೆಗೆ ಕಾವಲು ಕೂರುವುದೆಂದು ಮತ್ತೆ ಮೇಣ ಅಂಟಿಸಿದ. ಯಂತ್ರ ಹಾಕಿದ. ಮೇಲಿಟ್ಟ ಲೋಟದ ನೀರು ಅಲುಗದೆ ನಿಂತಿತು. ಈಗ ಚಿಲಕ ಒಳಗಿಂದ ಹಾಕಿದೆ, ಈಗ ಯಾರು ಬರುತ್ತಾರೆ ನೋಡೋಣ ಎಂದುಕೊಂಡು ಮಣೆಯ ಮೇಲೆ ಕೂತು ಜಾಲರಿಯನ್ನೇ ನೋಡುತ್ತಿದ್ದ. ಬಿಸಿಲೇರಿತು. ಶೀಟಿನ ಕೆಳಗೆ ಗಾಳಿ ಕಾದ ಹೆಂಚಿನ ಹಾಗಾಯಿತು, ಅಂಗಿ ಬೆನ್ನಿಗೆ ಅಂಟಿಕೊಂಡಿತು, ಮೋಟರು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಲೋಟದ ನೀರಿನಲ್ಲಿ ಒಂದು ಬಳೆಯ ಆಕಾರ ಎದ್ದು ಅಂಚಿನ ಕಡೆ ಹೋಯಿತು. ಆಮೇಲೆ ಇನ್ನೊಂದು. ಒಳಗೆ ಟಪ್ ಎಂದು ಏನೋ ಬಡಿದ ಸದ್ದು. ಇಡೀ ಯಂತ್ರ ಗಡಗಡ ನಡುಗತೊಡಗಿ ಲೋಟ ಉರುಳಿತು. ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ.

ಆಫ್ ಮಾಡಿ, ಕೈ ಸುಡುವುದನ್ನೂ ನೋಡದೆ ಹೊರಗವಚದ ತಿರುಪುಗಳನ್ನೆಲ್ಲ ಬಿಚ್ಚಿದ. ಒಳಗೋಡೆಗೆ ಚಪ್ಪಟೆಯಾಗಿ ಬಡಿದು ಅಂಟಿಕೊಂಡಿತ್ತು ಮೇಣ, ಇನ್ನೂ ಮೆತ್ತಗೆ. ಅದರ ಪಕ್ಕದಲ್ಲಿ ಧೂಳು ಕಚ್ಚಿ ಕಪ್ಪಾದ ಹಳೆಯ ಉಂಡೆ ಒಂದು, ಮೂಲೆಯಲ್ಲಿ ಇನ್ನೊಂದು. ಬಿಸಿಗೆ ಸಡಿಲಾಗಿ ರೆಕ್ಕೆಯ ಬೆನ್ನಿನ ಮೇಲೆ ಜರುಗುತ್ತ ಜರುಗುತ್ತ ಅಂಚಿಗೆ ಬಂದು ಹಾರಿದೆ. ನಿಂತಿರುವ ಮರದ ಅಚ್ಚಿನಲ್ಲಿ ಮೇಣ ಎಂದೂ ಹಾರುವುದಿಲ್ಲ. ಅಚ್ಚು ತಿರುಗುವುದಿಲ್ಲ, ಕಾಯುವುದಿಲ್ಲ. ಮೇಣ ಎಷ್ಟು ತೂಕ ಬೇಕೆಂದು ತೋರಿಸಿಕೊಡಬಹುದಿತ್ತು, ಅಷ್ಟೇ. ಆಮೇಲೆ ಅದನ್ನು ತೆಗೆದು ಅಷ್ಟೇ ತೂಕದ ಕಬ್ಬಿಣ ಕೂರಿಸಬೇಕಿತ್ತು. ಎಷ್ಟು ಸರಳ. ಬೇರೆ ಯಾವ ಕೆಲಸದವನಾಗಿದ್ದರೂ ಮೊದಲ ದಿನವೇ ಹಾಗೆ ಮಾಡಿರುತ್ತಿದ್ದ. ಅವನು ಆ ಉಂಡೆಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಈಗ ಹಾರಿದ್ದು ಒಂದು, ಹಳೆಯವು ಎರಡು. ಹಳೆಯವು ಮೂರಿರಬೇಕಿತ್ತು. ಒಂದು ಗಾಳಿಯ ಜೊತೆ ಹೋಗಿ ಚೀಲ ಸೇರಿರಬಹುದು, ಹೊಟ್ಟಿನ ನಡುವೆ ಇರಬಹುದು. ಚೀಲ ಬಿಚ್ಚಿ ಜರಡಿ ಹಿಡಿದರೆ ತಿಳಿಯುತ್ತಿತ್ತು. ಅವನು ಚೀಲದ ಬಾಯಿಯ ದಾರಕ್ಕೆ ಕೈ ಹಾಕಿದ, ಗಂಟು ಬಿಚ್ಚಿದ, ಮತ್ತೆ ಕಟ್ಟಿದ. ಅಲ್ಲಿ ಸಿಗದೆ ಹೋದರೆ ಅದನ್ನು ಪಂಕಜಳೇ ತೆಗೆದಳೆಂದಾಗುತ್ತದೆ, ಆಮೇಲೆ ಆ ಮನೆಯಲ್ಲಿ ಇರುವುದು ಹೇಗೆ?

ರೆಕ್ಕೆಗೆ ತೂತು ಕೊರೆದು, ಮೇಣಕ್ಕೆ ಸಮನಾಗುವವರೆಗೆ ವಾಷರುಗಳನ್ನು ಸೇರಿಸುತ್ತ ಬೋಲ್ಟು ಬಿಗಿದ. ಹನುಮಂತರಾಯಪ್ಪ ಊಟ ಮಾಡಿ ಎಲೆಯಡಿಕೆ ಜಗಿಯುತ್ತ ಬಂದಾಗ ಯಂತ್ರ ಆಗಲೇ ತಿರುಗುತ್ತಿತ್ತು. ಪಟ್ಟಾಭಿ ಅವನ ಮುಖವನ್ನು ನೋಡಿದ, ಹೆಂಡತಿ ಹಾಲಿನ ಹೊತ್ತಿನದನ್ನು ಹೇಳಿದ್ದಾಳೆಯೇ ಎಂದು. ಅದರಲ್ಲಿ ಏನೂ ಓದಲಾಗಲಿಲ್ಲ. ಕೊಟ್ಟಿಗೆಗೆ ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟು, ವೈದ್ಯರು ನಾಡಿ ನೋಡುವ ಹಾಗೆ ಕಣ್ಣು ಮುಚ್ಚಿ ನಿಂತ ಹನುಮಂತರಾಯಪ್ಪ ಅಂಗೈಯನ್ನು ಮೆಲ್ಲಗೆ ಜರುಗಿಸುತ್ತ ಹೋದ. “ಮಿಸಿನ್ ಆಕಿದ್ದೀರಾ ಸಾಮಿ?” ಎಂದು ಕೇಳಿದ ಆಮೇಲೆ. ಹಾಕಿದೆ ಎಂದಾಗ, ಇನ್ನೊಂದು ಕೈಯನ್ನೂ ಇಟ್ಟು ನೋಡಿ, ಉಗಿದು ಬಂದು ಇನ್ನು ಏನೂ ತಕರಾರಿಲ್ಲ ಎಂದ. ಹೊರಡುತ್ತ, ಹಸು ಗಬ್ಬವಾಗಿದೆಯೆಂದು ವೈದ್ಯರು ಮೊನ್ನೆ ನೋಡಿ ಹೇಳಿದರು, ಅದಕ್ಕೇ ಹಾಲು ಕಮ್ಮಿಯಾಗಿರಬೇಕು ಎಂದೂ ಸೇರಿಸಿದ. ಹಾಗಾದರೆ ಇಷ್ಟು ದಿನ ಯಂತ್ರದ ಮೇಲೆ ಹೊರಿಸಿದ್ದೇಕೆ, ಮೊನ್ನೆಯೇ ತಿಳಿದಿದ್ದರೆ ಇವತ್ತು ಬಂದು ಗೋಡೆ ಮುಟ್ಟಿದ್ದೇಕೆ ಎಂದು ಪಟ್ಟಾಭಿ ಕೇಳಬಹುದಿತ್ತು. ತಾನೇ ಬೆಳಿಗ್ಗೆಯಿಂದ ಮೂವರ ಮೇಲೆ ಹೊರಿಸಿದ್ದು ನೆನಪಾಗಿ ಕೇಳಲಿಲ್ಲ.

ಅಂಗೈಯಲ್ಲಿ ಮೇಣದ ಉಂಡೆಗಳನ್ನು ಹಿಡಿದುಕೊಂಡು ಒಳಗೆ ಹೋದ. ಪಂಕಜ ಊಟ ಮುಗಿಸಿ ಎಲೆಯಿಟ್ಟ ಜಾಗ ಒರೆಸುತ್ತಿದ್ದಳು. ಅವನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ, ಬಿಸಿ, ಜರುಗಿದ್ದು, ಹಾರಿದ್ದು, ಗೋಡೆ, ಹಸು. ಯಂತ್ರ ಇಲ್ಲೇ ಇರುತ್ತದೆ, ನಿನಗೆ ಧೂಳು ತಾಗುವುದಿಲ್ಲ, ಸದ್ದೂ ಹೋಯಿತು ಎಂದ. ಅವಳು ಸರಿ ಎಂದಳು. ಅಷ್ಟು ಸಾಲದೆ ಹೋಯಿತು ಅವನಿಗೆ.

“ಮತ್ತೆ ನೀನು ತೆಗೆದೆ ಅಂತ ಯಾಕಂದೆ?”

ಅವಳು ಒರೆಸುವ ಬಟ್ಟೆಯನ್ನು ಹಿಂಡಿ ಹರವಿ ಬಂದಳು. “ತೆಗೀಬೇಕು ಅಂತ ಅನ್ನಿಸಿದ್ದು ಸುಳ್ಳಲ್ಲ. ಅದು ಕೂಗ್ತಿದ್ರೆ ನಾನು ಮನಸಾರೆ ಕೆಮ್ತಿದ್ದೆ ಕಣ್ರೀ. ಯಾರಿಗೂ ಕೇಳಿಸ್ತಿರ್ಲಿಲ್ಲ. ಸದ್ದಿಲ್ದಿದ್ರೆ ನಾನು ಒಂದ್ಸಲ ಕೆಮ್ಮಿದ್ರೂ ನಿಮ್ಮ ಉಳಿ ನಿಲ್ಲತ್ತೆ. ಬಾಗಿಲಲ್ಲಿ ಬಂದು ನಿಂತ್ಕೋತೀರಿ. ಬೈಯಲ್ಲ, ಏನೂ ಅನ್ನಲ್ಲ. ನಾನೇನೋ ಬೇಕಂತ ಮಾಡ್ತಿದ್ದೀನೇನೋ ಅನ್ನೋ ಥರ ನೋಡ್ತೀರಿ.”

ಹಾಗೆ ನೋಡುವುದಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಅವನು ಬಾಗಿಲಲ್ಲಿ ನಿಂತಿದ್ದು ನಿಜ, ಪ್ರತಿಸಲವೂ. ಕಾಳಜಿಯಿಂದ ನಿಂತೆನೆಂದೇ ತಿಳಿದಿದ್ದ. ಈಗ ಆ ಬಾಗಿಲಲ್ಲಿ ನಿಂತವನ ಮುಖ ಹೇಗಿತ್ತೆಂದು ಕಲ್ಪಿಸಿಕೊಳ್ಳಲು ನೋಡಿದರೆ, ಬೆಳಿಗ್ಗೆ ನಾಗಲಕ್ಷ್ಮಮ್ಮನ ಕೈಗಳ ಮೇಲೆ ಬಗ್ಗಿದ ಮುಖವೇ ಕಂಡಿತು. ಅವಳ ಕೆಮ್ಮು ತನ್ನ ಮೇಲಿನ ಒಂದು ದೂರಿನಂತೆ ಅವನಿಗೆ ಕೇಳುತ್ತಿತ್ತು. ಆ ದೂರಿಗೆ ಉತ್ತರವಾಗಿ ಯಂತ್ರ ಮಾಡಿದ್ದ. ಉಂಡೆಗಳನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡು ಶೆಡ್ಡಿಗೆ ಹೋದ.

ಅರ್ಧ ಉಳಿದಿದ್ದ ಅಚ್ಚೊಂದನ್ನು ಮೇಜಿನ ಮೇಲೆ ತೆಗೆದುಕೊಂಡು, ಗುಂಡಿ ಒತ್ತಿ, ಮರಳುಕಾಗದ ಹಿಡಿದ. ಯಂತ್ರ ದೂರದಲ್ಲಿ ಯಾರೋ ಧಾನ್ಯ ಕೇರುವಷ್ಟು ಮಾತ್ರ ಸದ್ದು ಮಾಡುತ್ತಿತ್ತು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದು ಕೇಳುತ್ತಿತ್ತು, ಬೀದಿಯಲ್ಲಿ ಸೈಕಲ್ಲಿನ ಗಂಟೆ, ಅಡಿಗೆಮನೆಯಲ್ಲಿ ಪಾತ್ರೆ ಇಟ್ಟದ್ದು, ಬಳೆ ತಾಗಿದ್ದು. ಕೆಮ್ಮು ಕೇಳಲಿಲ್ಲ. ಅವನ ಕೈ ನಿಂತಿತು. ಬಾಗಿಲ ಕಡೆ ಹೋಗಬಾರದೆಂದು ಕಾಲಿಗೆ ಹೇಳಿ, ಮತ್ತೆ ತಿಕ್ಕತೊಡಗಿದ. ಅಂದು ಸಂಜೆಯವರೆಗೆ ಕೇಳಲಿಲ್ಲ. ಮರುದಿನವೂ, ಆ ವಾರವೂ, ಅವನು ಮನೆಯಲ್ಲಿದ್ದ ಹೊತ್ತಿನಲ್ಲಿ ಪಂಕಜ ಒಮ್ಮೆಯೂ ಕೆಮ್ಮಿದ್ದು ಕೇಳಲಿಲ್ಲ.

ಧೂಳು ಹೋದದ್ದರಿಂದ ಅವಳ ಎದೆ ನಿಜವಾಗಿ ಹಗುರಾಯಿತೋ, ಅಥವಾ ಅವನಿಗೆ ಕೇಳದ ಹಾಗೆ ಕೆಮ್ಮುವುದನ್ನು ಅವಳು ಕಲಿತುಕೊಂಡಳೋ, ಪಟ್ಟಾಭಿರಾಮನಿಗೆ ಗೊತ್ತಾಗಲಿಲ್ಲ. ಕೇಳಿದ್ದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು, ಅದನ್ನು ಅವನು ನಂಬುತ್ತಿದ್ದನೇ ಎಂಬುದೂ ಗೊತ್ತಿಲ್ಲ. ಅವನು ಕೇಳಲಿಲ್ಲ. ಆದ್ದರಿಂದ ಇಲ್ಲಿಂದ ಮುಂದಕ್ಕೆ ಹೇಳುವುದು ನನಗೂ ತಿಳಿಯದು.